ಬಾಗಿಲಿಗೆ ಬೆನ್ನು

ಅಕ್ಟೋಬರ್ 3

ಪ್ರೀತಿಯ ಗುಂಡ,

ನೀನೀಗ ದೊಡ್ಡ ಸಭೆಯ ಪಾಲಕ, ತಲೆ ನರೆತವರೂ ನಿನ್ನನ್ನು ಅಯ್ಯನವರೇ ಎನ್ನುತ್ತಾರೆ, ಎಲ್ಲ ಗೊತ್ತು. ಆದರೆ ಅಮ್ಮ ಹೋದ ಮೇಲೆ ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು. ನನ್ನ ಕಾಗದದಲ್ಲಿ ನೀನು ಗುಂಡನೇ. ಈಗ ಗುಂಡಗಿಲ್ಲ ಎಂಬುದು ಬೇರೆ ಮಾತು.

ನಿನ್ನ ಸಮಿತಿ ಸುವಾರ್ತಾ ಸೇವೆಗೆ ನನ್ನನ್ನು ಕಳಿಸಿದ ಜಾಗದ ವರದಿ ಕೇಳಿದ್ದೆಯಲ್ಲ, ಇದೋ ಕೇಳು. ರೈಲ್ವೆ ಯಾರ್ಡಿನ ಹಿಂಬದಿಗೆ ಒಂದು ಸಾಲು ಕೋಣೆಗಳಿವೆ. ಕೊನೆಯದು ನಮ್ಮದು. ಮೊದಲು ಸೈಕಲ್ ರಿಪೇರಿ ಅಂಗಡಿ ಆಗಿತ್ತಂತೆ, ನೆಲವನ್ನು ಎಷ್ಟು ಉಜ್ಜಿದರೂ ಗ್ರೀಸಿನ ಕಲೆ ಬಿಡುತ್ತಿಲ್ಲ. ಎದುರಿಗೇ ಹಳಿ. ಖಾಲಿ ರೈಲುಗಳು ಅಲ್ಲಿ ಬಂದು ನಿಲ್ಲುತ್ತವೆ, ಹೆಂಗಸರು ಬೋಗಿಗಳನ್ನು ತೊಳೆಯುತ್ತಾರೆ. ಕೊಳವೆಯ ತಣ್ಣೀರಲ್ಲಿ ನೆನೆದು ನೆನೆದು ಅವರ ಕೈಬೆರಳು ಬೆಳ್ಳಗೆ ಸುಕ್ಕುಗಟ್ಟಿರುತ್ತವೆ.

ಮೊದಲ ದಿನ ಗೇಟಿನ ಹತ್ತಿರ ನಿಂತು ಸುವಾರ್ತೆಯ ಕರಪತ್ರ ಹಂಚಿದೆ. ಒಬ್ಬಳು ಅದನ್ನು ನನ್ನೆದುರೇ ಮಡಚಿ, ಒದ್ದೆಯಾಗಿದ್ದ ಬೂಟಿನೊಳಗೆ ಇಟ್ಟುಕೊಂಡಳು. ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಮರುದಿನ ಕರಪತ್ರ ಬಿಟ್ಟು ದೊಡ್ಡದೊಂದು ಹಂಡೆ ತಂದು ಒಲೆಯ ಮೇಲಿಟ್ಟೆ. ಪಾಳಿ ಮುಗಿಸಿ ಬಂದವರು ಬೇಸಿನ್‌ನಲ್ಲಿ ಬಿಸಿನೀರು ತುಂಬಿಕೊಂಡು ಕೈ ಅದ್ದಿ ಕೂರುತ್ತಾರೆ, ಚಹಾ ಕುಡಿಯುತ್ತಾರೆ. ನನಗೆ ಆಗಲೇ ಬಿಸಿನೀರಕ್ಕ ಎಂದು ಹೆಸರಿಟ್ಟಿದ್ದಾರೆ. ಅವರ ಗುಂಪಿನ ಮುಖ್ಯಸ್ಥೆಗೆ ಗುಡುಗಮ್ಮ ಎನ್ನುತ್ತಾರೆ. ಅವಳು ಕೂಗಿದರೆ ಎಂಜಿನ್ ಸದ್ದೂ ಕೇಳಿಸುವುದಿಲ್ಲ. ನಾನು ಪ್ರಾರ್ಥನೆಗೆ ಬಾಯಿ ತೆರೆದರೆ ಅವಳು ಹೇಳಿದ್ದು ಇಷ್ಟು: "ಅಕ್ಕಾ, ಮೊದ್ಲು ನೀರು ಕೊಡಿ, ದೇವರ ವಿಷ್ಯ ಆಮೇಲೆ. ಕೈ ಮರಗಟ್ಟಿದಾಗ ಕಿವೀನೂ ಕೇಳ್ಸಲ್ಲ."

ಇನ್ನೊಂದು ಮಾತು, ಮರೆಯಬೇಡ. ಇಲ್ಲಿ ಬಾಗಿಲು ತೆರೆದುಕೊಂಡೇ ಇದೆ. ಎಷ್ಟು ಜನ ಸೇರಿ ತಳ್ಳಿದರೂ ಮುಚ್ಚುತ್ತಿಲ್ಲ. ಚಳಿಗಾಲ ಹತ್ತಿರ ಬಂತು. ನೀವೆಲ್ಲ ಸೇರಿ ಏನಾದರೂ ಮಾಡಬೇಕು.

ನಿನ್ನ ಅಕ್ಕ


ಅಕ್ಟೋಬರ್ 19

ಕರ್ತನಲ್ಲಿ ಪ್ರಿಯಳಾದ ಅಕ್ಕನಿಗೆ ವಂದನೆಗಳು.

ನಿನ್ನ ಪತ್ರ ನಮ್ಮ ಸಭೆಗೆ ಎಂಥ ಆಶೀರ್ವಾದವಾಯಿತೆಂದು ಹೇಗೆ ಬರೆಯಲಿ. ಅದರ ಕೊನೆಯ ಸಾಲುಗಳನ್ನು ಭಾನುವಾರದ ಆರಾಧನೆಯಲ್ಲಿ ಓದಿದೆ. "ಬಾಗಿಲು ತೆರೆದುಕೊಂಡೇ ಇದೆ, ಎಷ್ಟು ಜನ ಸೇರಿ ತಳ್ಳಿದರೂ ಮುಚ್ಚುತ್ತಿಲ್ಲ" ಎಂದಾಗ ಇಡೀ ಸಭೆ ಎದ್ದು ನಿಂತಿತು. ಕಲ್ಲಿನಂತೆ ಕೂರುವ ನಮ್ಮ ಖಜಾಂಚಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕರ್ತನು ತೆರೆದ ಬಾಗಿಲನ್ನು ಮುಚ್ಚುವವರಾರು ಎಂದೇ ಪ್ರಸಂಗ ಮಾಡಿದೆ. ಅದು ನನ್ನ ಬಾಯಿಂದ ಬಂದ ಮಾತಲ್ಲ ಅನಿಸಿತು.

ಬಾಗಿಲನ್ನು ತಳ್ಳುತ್ತಿರುವ ಆ ವಿರೋಧಿಗಳು ಯಾರು? ಹೆಸರು ಬೇಡ, ಅವರ ಮನಸ್ಸು ಕರಗಲೆಂದು ಹೆಂಗಸರ ಕೂಟ ಉಪವಾಸ ಪ್ರಾರ್ಥನೆ ಇಟ್ಟುಕೊಂಡಿದೆ. ಧೈರ್ಯವಾಗಿರು. ಇಡೀ ಸಭೆ ನಿನ್ನ ಬೆನ್ನಿಗಿದೆ.

ಕರ್ತನ ಸೇವೆಯಲ್ಲಿ,
ನಿನ್ನ ತಮ್ಮ


ನವೆಂಬರ್ 2

ಪುಣ್ಯಾತ್ಮ,

ನಾನು ಬರೆದದ್ದು ಮರದ ಬಾಗಿಲಿನ ಬಗ್ಗೆ. ಹಲಗೆ, ಕೀಲು, ಚಿಲಕ ಇರುತ್ತದಲ್ಲ, ಆ ಬಾಗಿಲು.

ರೈಲು ಓಡಾಡಿ ಓಡಾಡಿ ಗೋಡೆ ಕುಸಿದು ಚೌಕಟ್ಟು ಸೊಟ್ಟಗಾಗಿದೆ. ಬಾಗಿಲು ಅರ್ಧಕ್ಕೆ ಬಂದು ನಿಂತುಬಿಡುತ್ತದೆ. ತಳ್ಳಿದ "ವಿರೋಧಿಗಳು" ಯಾರೆಂದರೆ ನಾನು, ಗುಡುಗಮ್ಮ, ಪಕ್ಕದ ಬೀಗ ರಿಪೇರಿಯವನು. ನಿನ್ನ ಹೆಂಗಸರ ಕೂಟ ಆ ಬಡಪಾಯಿ ಬೀಗದವನ ವಿರುದ್ಧ ಉಪವಾಸ ಮಾಡುತ್ತಿದೆ ಎಂದು ತಿಳಿದರೆ ಅವನು ಅಂಗಡಿ ಮುಚ್ಚಿ ಓಡಿಹೋದಾನು. ಗುಡುಗಮ್ಮನಿಗೆ ಹೇಳಿದೆ. ಬೇಸಿನ್‌ನ ನೀರು ಚೆಲ್ಲುವಷ್ಟು ನಕ್ಕಳು. "ನಿಮ್ ತಮ್ಮ ಓದಿದ್ದು ಜಾಸ್ತಿ ಆಯ್ತೇನೋ ಅಕ್ಕಾ" ಅಂದಳು.

ಈಗ ನಗು ಸಾಕು, ಕೆಲಸದ ಮಾತು. ಬಡಗಿ ಬಂದು ನೋಡಿದ್ದಾನೆ. ಚೌಕಟ್ಟು ಕಿತ್ತು, ಒಂದಿಷ್ಟು ಗೋಡೆ ಒಡೆದು ಹೊಸದು ಕೂರಿಸಬೇಕಂತೆ. ಮಾಲೀಕ ತಕರಾರು ಮಾಡುತ್ತಿಲ್ಲ, ಖರ್ಚೂ ಅವನದೇ. ಆದರೆ ಕೋಣೆ ಸಮಿತಿಯ ಹೆಸರಿನಲ್ಲಿರುವುದರಿಂದ ಗೋಡೆ ಒಡೆಯಲು ಒಪ್ಪಿಗೆ ಇದೆ ಎಂದು ಸಮಿತಿಯ ಮುದ್ರೆ ಇರುವ ಕಾಗದ ಬೇಕು ಅನ್ನುತ್ತಾನೆ. ಒಂದೇ ಒಂದು ಕಾಗದ, ಒಂದು ಮುದ್ರೆ. ಹಳಿಯ ಮೇಲಿನ ಗಾಳಿ ನೇರ ಒಳಗೆ ಬರುತ್ತದೆ. ನೀರು ಕಾದಷ್ಟೇ ಬೇಗ ಆರುತ್ತದೆ. ಬೇಗ ಕಳಿಸು.

ನಿನ್ನ ಅಕ್ಕ


ನವೆಂಬರ್ 20

ಪ್ರಿಯ ಅಕ್ಕ,

ಓದಿ ನನಗೂ ನಗು ಬಂತು. ನಿನ್ನ ವಿನೋದ ಕಡಿಮೆಯಾಗಿಲ್ಲ ಎಂಬುದೇ ಸಂತೋಷ. ಮುದ್ರೆಯ ವಿಷಯವನ್ನು ಅನುಕೂಲ ನೋಡಿ ಸಮಿತಿಯ ಮುಂದಿಡುತ್ತೇನೆ. ಎಲ್ಲದಕ್ಕೂ ಒಂದು ಸಮಯ, ಒಂದು ರೀತಿ ಇರುತ್ತದಲ್ಲವೇ.

ಇಲ್ಲಿ ಕರ್ತನು ದೊಡ್ಡ ಕಾರ್ಯ ಮಾಡುತ್ತಿದ್ದಾನೆ. ಜಗಳವಾಡಿ ಬಿಟ್ಟುಹೋಗಿದ್ದ ಹಾರ್ಮೋನಿಯಂ ನುಡಿಸುವವರು ವಾಪಸು ಬಂದಿದ್ದಾರೆ. ಹಿಂದಿನ ಬೆಂಚುಗಳು ತುಂಬುತ್ತಿವೆ. ಪ್ರತಿ ಭಾನುವಾರ ಆರಾಧನೆ ಮುಗಿದೊಡನೆ ಎಲ್ಲರೂ ಕೇಳುವುದು ಒಂದೇ: ಅಕ್ಕನವರ ಪತ್ರ ಬಂತೇ?

ನಿನ್ನ ಬಾಗಿಲಿಗಾಗಿ ಸಭೆಯಿಂದ ಒಂದು ಪಾರ್ಸೆಲ್ ಹೊರಟಿದೆ. ಭಾರವಾಗಿದೆ, ಇಳಿಸಿಕೊಳ್ಳುವಾಗ ಯಾರನ್ನಾದರೂ ಜೊತೆಗೆ ಕರೆದುಕೋ.

ಕರ್ತನ ಸೇವೆಯಲ್ಲಿ,
ನಿನ್ನ ತಮ್ಮ


ಡಿಸೆಂಬರ್ 9

ಗುಂಡ,

ಪಾರ್ಸೆಲ್ ಬಂತು. ಭಾರವಾಗಿದೆ, ಬಾಗಿಲಿಗಾಗಿ ಎಂದು ನೀನು ಬರೆದದ್ದನ್ನು ನಂಬಿ ಬಡಗಿಯನ್ನೂ ಕರೆಸಿದ್ದೆ. ಗುಡುಗಮ್ಮ ಮತ್ತು ಅವಳ ಜೊತೆಯವರು ಪಾಳಿ ಮುಗಿಸಿ ಬಂದವರು, ಒದ್ದೆ ಬಟ್ಟೆಯಲ್ಲೇ ಸುತ್ತ ನಿಂತಿದ್ದರು. ಗೋಣಿ ಬಿಚ್ಚಿದರೆ ಒಳಗೆ ಕೆತ್ತನೆಯ ಹಲಗೆ. ಸುತ್ತ ಬಳ್ಳಿ, ನಡುವೆ ಚಿನ್ನದ ಬಣ್ಣದ ಅಕ್ಷರ: ತೆರೆದ ಬಾಗಿಲು.

ಬಡಗಿ ಅದನ್ನು ಬೆರಳಿಂದ ತಟ್ಟಿ, "ಒಳ್ಳೇ ಮರ" ಅಂದ. ಉಳಿದವರು ಒಬ್ಬೊಬ್ಬರಾಗಿ ಹಂಡೆಯ ಕಡೆ ತಿರುಗಿದರು. ಗುಡುಗಮ್ಮ ಒಂದು ತಮಾಷೆಯನ್ನೂ ಮಾಡದೆ ಬೇಸಿನ್ ಎತ್ತಿಕೊಂಡಳು, ಅದೇ ನನಗೆ ಹೆಚ್ಚು ಚುಚ್ಚಿತು.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನೀನು ಅವರಿಗೆ ಹೇಳಲೇ ಇಲ್ಲ, ಅಲ್ಲವೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ "ಅನುಕೂಲ ನೋಡಿ" ಎಂದು ಬರೆದಾಗಲೇ ನನಗೆ ಅನುಮಾನ ಬಂದಿತ್ತು. ಚಿಕ್ಕಂದಿನಲ್ಲಿ ಬಾಯಲ್ಲಿ ಸಕ್ಕರೆ ಇಟ್ಟುಕೊಂಡು ತಿಂದಿಲ್ಲ ಎಂದು ತಲೆಯಾಡಿಸುತ್ತಿದ್ದೆಯಲ್ಲ, ಅದೇ ಮುಖ ಕಣ್ಣಿಗೆ ಕಟ್ಟಿತು.

ಹಲಗೆ ಹಾಳಾಗಿಲ್ಲ, ಚಿಂತಿಸಬೇಡ. ಬಾಗಿಲಿನ ಅಂಚಿಗೆ, ಸಂದಿ ಕಿರಿದಾಗುವಂತೆ ಹೊಡೆಸಿದ್ದೇನೆ. ಕಾಲುಭಾಗ ಗಾಳಿ ತಡೆಯುತ್ತದೆ. ಉಳಿದದ್ದಕ್ಕೆ ಗೋಣಿಚೀಲ. ಸಮಿತಿಗೆ ನನ್ನ ವಂದನೆ ತಿಳಿಸು. ಮುದ್ರೆಯ ಕಾಗದ ಕಳಿಸು. ನನಗೆ ಸ್ವಲ್ಪ ನೆಗಡಿ, ಬೇರೇನಿಲ್ಲ.

ನಿನ್ನ ಅಕ್ಕ


ಜನವರಿ 4

ಅಕ್ಕ,

ನಿನ್ನ ಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹಲಗೆ ತಲುಪಿತು, ಬಾಗಿಲ ಮೇಲೆಯೇ ಇದೆ ಎಂದಷ್ಟೇ ಸಭೆಗೆ ತಿಳಿಸಿದೆ. ಅದು ಸುಳ್ಳಲ್ಲವಲ್ಲ.

ಸಿಟ್ಟಾಗಬೇಡ. ನಿನಗೆ ಬರೆಯದ ಒಂದು ಸಂಗತಿಯಿದೆ. ನಿನ್ನ ಮೊದಲ ಪತ್ರ ಬಂದ ವಾರ ನಾನು ರಾಜೀನಾಮೆ ಬರೆದಿಟ್ಟಿದ್ದೆ. ಆರಾಧನೆಗೆ ಬರುವವರೇ ಇರಲಿಲ್ಲ. ಬಂದವರೂ ಪ್ರಸಂಗ ಮುಗಿಯುವುದನ್ನೇ ಕಾಯುತ್ತಿದ್ದರು. ನನ್ನ ಪ್ರಾರ್ಥನೆ ನನಗೇ ಕಂಠಪಾಠದಂತೆ ಕೇಳುತ್ತಿತ್ತು. ಆ ಭಾನುವಾರ ಪೀಠದ ಮೇಲೆ ಹೇಳಲು ಏನೂ ಇಲ್ಲದೆ ನಿನ್ನ ಕಾಗದ ತೆಗೆದೆ. ಜನ ತಲೆಯೆತ್ತಿ ನೋಡಿದರು. ಎಷ್ಟೋ ಕಾಲದ ಮೇಲೆ ನನ್ನನ್ನು ನೋಡಿದರು. ಈಗ ಹೋಗಿ, ಅದು ಸೊಟ್ಟ ಚೌಕಟ್ಟಿನ ವಿಷಯವಾಗಿತ್ತು, ಮುದ್ರೆ ಒತ್ತಿಕೊಡಿ ಎಂದು ಹೇಗೆ ಕೇಳಲಿ? ನಿನ್ನ ಬಾಗಿಲು ಮುಚ್ಚಿದರೆ ಇಲ್ಲಿ ಎಲ್ಲವೂ ಮುಚ್ಚುತ್ತದೆ.

ಇದೊಂದು ಚಳಿಗಾಲ ತಾಳಿಕೋ. ತಾಳಿದವನು ಬಾಳಿಯಾನು ಎಂದು ನನಗೆ ಕಲಿಸಿದವಳು ನೀನೇ.

ನಿನ್ನ ತಮ್ಮ


ಜನವರಿ 17

ಅಯ್ಯನವರಿಗೆ,

ತಾಳಿದವನು ಬಾಳಿಯಾನು, ನಿಜ. ತಾಳಿದವಳ ಗತಿ ಏನೆಂದು ಗಾದೆ ಹೇಳುವುದಿಲ್ಲ.

ನಿನ್ನ ಪತ್ರ ಓದಿ ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬಂತು. ನಿನ್ನ ಸಭೆ ನನ್ನಿಂದ ಉತ್ತೇಜನ ಪಡೆಯುತ್ತಿದೆ, ಸರಿ. ನನಗೆ ಉತ್ತೇಜನ ಯಾರು ಕೊಡಬೇಕು? ಇಷ್ಟು ದಿನದಲ್ಲಿ ನನ್ನ ಕೋಣೆಯಲ್ಲಿ ಒಬ್ಬರೂ ಪ್ರಾರ್ಥನೆ ಮಾಡಿಲ್ಲ. ಇದನ್ನು ನಾನು ಬರೆದಿರಲಿಲ್ಲ, ನೀನೂ ಕೇಳಲಿಲ್ಲ. ಇದನ್ನೂ ಬೀರುವಿನಲ್ಲಿಡು.

ಅಂತೂ ಇಲ್ಲಿ ಏನಾಯಿತು ಕೇಳು. ಒಂದು ಬೆಳಿಗ್ಗೆ ಗಾಳಿಗೆ ಗೋಣಿಚೀಲ ಹಾರಿಹೋಗಿ ಒಲೆ ಆರಿತು. ಹೊಗೆಯಲ್ಲಿ ಕೆಮ್ಮುತ್ತಾ ನಾನು ಮೂಲೆಯಲ್ಲಿ ಕೂತುಬಿಟ್ಟೆ. ಸಾಕಾಯಿತು, ಗಂಟುಮೂಟೆ ಕಟ್ಟುತ್ತೇನೆ ಎಂದೇ ನಿರ್ಧರಿಸಿದ್ದೆ. ಗುಡುಗಮ್ಮ ಒಳಗೆ ಬಂದಳು. ಒಂದು ಸ್ಟೂಲು ಎಳೆದುಕೊಂಡು ಬಾಗಿಲಿನ ಸಂದಿಗೆ ಬೆನ್ನು ಕೊಟ್ಟು ಕೂತಳು. ನನ್ನತ್ತ ನೋಡಿ, "ಈಗ ಹಚ್ಚಿ ಅಕ್ಕಾ" ಅಂದಳು. ಒಲೆ ಹತ್ತಿತು. ಒಂದು ಲೋಟ ಚಹಾ ಮುಗಿಯುವವರೆಗೆ ಅವಳು, ಆಮೇಲೆ ಇನ್ನೊಬ್ಬಳು. ಅಂದಿನಿಂದ ದಿನಾ ಸರದಿ. ಯಾರ ಪಾಳಿ ಎಂದು ಜಗಳವೂ ಆಡುತ್ತಾರೆ. ನನ್ನನ್ನೂ ಬಿಡಲಿಲ್ಲ. "ಬಿಸಿನೀರು ಕೊಡ್ತೀರ ಅಂತ ರಿಯಾಯ್ತಿ ಇಲ್ಲ, ನಿಮ್ ಸರದಿ ಬಂತು ಕೂತ್ಕೊಳಿ" ಅಂದಳು ಗುಡುಗಮ್ಮ. ಕೂತೆ. ಬೆನ್ನು ಮರಗಟ್ಟುತ್ತದೆ ಗುಂಡ, ಆದರೆ ಎದುರಿಗೆ ಕೂತವರ ಕೈ ಕೆಂಪಗಾಗುವುದು ಕಾಣುತ್ತದೆ.

ಸಭೆ ನಿನ್ನ ಬೆನ್ನಿಗಿದೆ ಎಂದು ನೀನು ಬರೆಯುತ್ತೀಯ. ನನಗೆ ಬೇಕಾಗಿದ್ದ ಬೆನ್ನು ಬೇರೆ ಕಡೆಯಿಂದ ಬಂತು. ನಾನು ಊರಿಗೆ ಬರುವುದಿಲ್ಲ. ಮುದ್ರೆಯನ್ನೂ ಇನ್ನು ಕೇಳುವುದಿಲ್ಲ.

ಅಕ್ಕ


ಫೆಬ್ರವರಿ 6

ಅಕ್ಕ,

ನಿನ್ನ ಸಿಟ್ಟು ತಣಿಯಲೆಂದು ಕಾದು ಬರೆಯುತ್ತಿದ್ದೇನೆ. ಬಾಗಿಲಿಗೆ ಬೆನ್ನು ಕೊಟ್ಟು ಕೂರುವ ಹೆಂಗಸರ ವಿಷಯ ಅದ್ಭುತವಾಗಿದೆ. ವಾರ್ಷಿಕ ಕೂಟ ಹತ್ತಿರ ಬಂತು. ಅವರ ಬಗ್ಗೆ ಇನ್ನಷ್ಟು ಬರೆ. ಅವರಲ್ಲಿ ಯಾರಾದರೂ ಕೂಟಕ್ಕೆ ಬಂದು ದೇವರು ಮಾಡಿದ್ದರ ಸಾಕ್ಷಿ ಹೇಳಲು ಒಪ್ಪಿಯಾರೇ?

ನಿನ್ನ ತಮ್ಮ


ಫೆಬ್ರವರಿ 24

ಅಕ್ಕ,

ಉತ್ತರ ಬರಲಿಲ್ಲ. ಹಾಗೆ ಕೇಳಬಾರದಿತ್ತು ಎಂದು ಪತ್ರ ಹಾಕಿದ ಮೇಲೆ ಅನಿಸಿತು. ಭಾನುವಾರ ಎಲ್ಲರೂ ಕೇಳಿದರು. ಪತ್ರವಿಲ್ಲ ಎನ್ನಲಾಗದೆ ಅಕ್ಟೋಬರಿನದನ್ನೇ ಮತ್ತೆ ಓದಿದೆ. ಯಾರಿಗೂ ಗೊತ್ತಾಗಲಿಲ್ಲ. ಅದಕ್ಕೂ ಆಮೆನ್ ಎಂದರು.

ನೀನು ಮೊದಲು ನೆಗಡಿ ಎಂದು ಬರೆದಿದ್ದೆ, ಆಮೇಲೆ ಕೆಮ್ಮು ಎಂದು ಬರೆದಿದ್ದೆ. ಇವತ್ತು ಬೀರು ತೆಗೆದು ಎರಡೂ ಕಾಗದ ಅಕ್ಕಪಕ್ಕ ಇಟ್ಟು ಓದಿದೆ. ಒಂದು ಸಾಲಾದರೂ ಬರೆ. ಬೈದಾದರೂ ಬರೆ.

ತಮ್ಮ


ಮಾರ್ಚ್ 4

ಗುಂಡ,

ಬರಹ ಬೇರೆಯಾಗಿದೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ವಾರ್ಡಿನ ನರ್ಸು ಬರೆಯುತ್ತಿದ್ದಾಳೆ. ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತ್ತು. ಯಾರ್ಡಿನ ಹೆಂಗಸರೇ ಸಾಮಾನಿನ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದು ಸೇರಿಸಿದರು. ಈಗ ಉಸಿರು ಪರವಾಗಿಲ್ಲ. ಮಾತು ಮಾತ್ರ ಉದ್ದ ಎಳೆಯಲು ಆಗುವುದಿಲ್ಲ, ನಿನ್ನ ಪುಣ್ಯ.

ಕೋಣೆ ಮುಚ್ಚಿಲ್ಲ. ಗುಡುಗಮ್ಮ ಹಂಡೆ ಕಾಯಿಸುತ್ತಾಳಂತೆ. ನನ್ನ ಸರದಿಯನ್ನೂ ಅವಳೇ ಕೂರುತ್ತಾಳಂತೆ. ಅವಳ ದನಿ ಸ್ವಲ್ಪ ಕುಗ್ಗಿದೆ ಎಂದು ನೋಡಲು ಬಂದವರು ಹೇಳಿದರು.

ಇದನ್ನು ಸಭೆಯಲ್ಲಿ ಓದಬೇಡ.

ಅಕ್ಕ


ಮಾರ್ಚ್ 16

ಅಕ್ಕ,

ಓದಲಿಲ್ಲ. ಬದಲಿಗೆ ಪೀಠದ ಮೇಲೆ ನಿಂತು ಹೇಳಿಬಿಟ್ಟೆ. ಅದು ಮರದ ಬಾಗಿಲು, ಚೌಕಟ್ಟು ಸೊಟ್ಟಗಾಗಿ ಮುಚ್ಚುತ್ತಿರಲಿಲ್ಲ, ತಿಳಿದೂ ನಾನು ಬಾಯಿ ಮುಚ್ಚಿಕೊಂಡಿದ್ದೆ, ನನ್ನ ಅಕ್ಕ ಚಳಿಗಾಳಿಯಲ್ಲಿ ಕೂತು ಕೂತು ಆಸ್ಪತ್ರೆ ಸೇರಿದ್ದಾಳೆ. ಇಷ್ಟೂ ಹೇಳಿ ತಲೆ ತಗ್ಗಿಸಿ ನಿಂತೆ. ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ.

ಆಮೆನ್ ಎಂದರು. ಆರಾಧನೆ ಮುಗಿದ ಮೇಲೆ ಖಜಾಂಚಿಯವರು ನನ್ನ ಕೈ ಹಿಡಿದು, "ಎಂಥ ದೃಷ್ಟಾಂತ ಅಯ್ಯನವ್ರೇ, ನಮ್ಮ ಹೃದಯದ ಚೌಕಟ್ಟೇ ಸೊಟ್ಟ ಅಂತ ಚೆನ್ನಾಗಿ ತೋರ್ಸಿದ್ರಿ" ಎಂದರು. ದೃಷ್ಟಾಂತ ಅಲ್ಲ, ಮುದ್ರೆ ಬೇಕು ಎಂದೆ. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಬಾಗಿಲು ಹೊಸದು ಮಾಡಿಸಿದರೆ ಸಾಕ್ಷಿಯ ಕಥೆ ಏನಾಗುತ್ತದೆ ಎಂದು ಕೇಳಿದರು. ಮುದ್ರೆ ಇರುವ ಅವರ ಮೇಜಿನ ಮುಂದಿನಿಂದ ನಾನು ಏಳಲಿಲ್ಲ. ಕೊನೆಗೆ ಒತ್ತಿಕೊಟ್ಟರು. ಒತ್ತಲು ಒಂದು ನಿಮಿಷವೂ ಬೇಕಾಗಲಿಲ್ಲ ಅಕ್ಕ.

ಕಾಗದ ಇದರ ಜೊತೆಗಿದೆ. ನಾನೇ ತರಬೇಕಿತ್ತು. ವಾರ್ಷಿಕ ಕೂಟ ಇರುವುದರಿಂದ ಬಿಡಿಸಿಕೊಳ್ಳಲಾಗಲಿಲ್ಲ. ಮುಗಿದೊಡನೆ ಬರುತ್ತೇನೆ.

ನಿನ್ನ ಗುಂಡ


ಏಪ್ರಿಲ್ 9

ಗುಂಡ,

ಆಸ್ಪತ್ರೆಯಿಂದ ಬಂದಿದ್ದೇನೆ. ಬರಹ ನನ್ನದೇ, ಸೊಟ್ಟಗಿದ್ದರೆ ಓದಿಕೋ.

ಬಾಗಿಲು ಕೂರಿಸಿದರು. ಬಡಗಿ ಒಳ್ಳೆಯ ಕೆಲಸ ಮಾಡಿದ್ದಾನೆ, ಒಂದೇ ಬೆರಳಲ್ಲಿ ತಳ್ಳಿದರೂ ಸದ್ದಿಲ್ಲದೆ ಮುಚ್ಚುತ್ತದೆ. ಅಷ್ಟರಲ್ಲಿ ಬಿಸಿಲೂ ಬಂದಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ಹಾಗಾಯಿತು.

ಗುಡುಗಮ್ಮ ಹೋದಳು. ನಿನ್ನ ಮುದ್ರೆಯ ಕಾಗದ ತಲುಪುವ ಮುಂಚೆಯೇ. ನನಗೆ ಬಂದದ್ದೇ ಅವಳಿಗೂ ಬಂತು. ನಾನು ಮಲಗಿದ್ದ ವಾರ್ಡಿಗೇ ತಂದರು, ನಡುವೆ ಒಂದು ಪರದೆ. ಪರದೆಯಾಚೆಯಿಂದ ಅವಳ ಉಸಿರು ಕೇಳುತ್ತಿತ್ತು, ದನಿ ಇರಲಿಲ್ಲ. ಒಂದು ಸಲ ಮಾತ್ರ, "ಅಕ್ಕಾ, ಹಂಡೆ ಕೆಳಗೆ ಬೆಂಕಿ ಬಿಟ್ಟು ಬಂದಿದೀನಿ" ಅಂದಳು. ಯಾರೋ ಆರಿಸಿದ್ದಾರೆ ಎಂದೆ. ಅವಳು ಒಂದು ದಿನವೂ ಪ್ರಾರ್ಥನೆಗೆ ತಲೆ ಬಾಗಿಸಿದವಳಲ್ಲ. ಬೆನ್ನು ಮಾತ್ರ ಕೊಟ್ಟಳು. ನಾನು ಪರದೆಯ ಈಚೆ ಮಲಗಿ ಅವಳಿಗಾಗಿ ಪ್ರಾರ್ಥಿಸಿದೆ, ಅವಳಿಗೆ ಕೇಳದಂತೆ ಮೆಲ್ಲಗೆ. ಅವಳ ಮೇಲೆ ಅದನ್ನೂ ಹೇರುವುದು ಬೇಡ ಅನಿಸಿತು.

ಹೊಸ ಬಾಗಿಲಿನ ಮೊದಲ ದಿನ ಹಂಡೆ ಕಾಯಿಸಿ, ಬಾಗಿಲು ಮುಚ್ಚಿ, ಬೆಚ್ಚಗೆ ಕಾದು ಕೂತೆ. ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಗುಡುಗಮ್ಮನ ಸಾವಿಗೆ ನಾನೇ ಕಾರಣ ಎಂದು ಮುನಿದಿದ್ದಾರೆ ಅಂದುಕೊಂಡೆ. ಮೂರನೆಯ ದಿನ ಹೊರಗೆ ಹೋಗಿ ನೋಡಿದರೆ ಗೋಡೆಗೆ ಒರಗಿ ನಿಂತಿದ್ದಾರೆ, ಕೈ ಕಂಕುಳಲ್ಲಿ. ಯಾಕೆ ಒಳಗೆ ಬರಲಿಲ್ಲ ಎಂದು ಕೇಳಿದೆ. "ಬಾಗ್ಲು ಹಾಕಿತ್ತಲ್ಲಕ್ಕಾ" ಅಂದಳು ಒಬ್ಬಳು. ಹಾಕಿದ ಬಾಗಿಲು ತಟ್ಟಿ ಒಳಗೆ ಹೋಗುವ ರೂಢಿ ಅವರಿಗಿಲ್ಲ. ಅಂಥ ಬಾಗಿಲುಗಳು ತಮಗಲ್ಲ ಎಂದೇ ಬೆಳೆದವರು. ಚೌಕಟ್ಟು ಸೊಟ್ಟಗಿತ್ತು ಎಂದೇ ಅವರು ಮೊದಲ ದಿನ ಒಳಗೆ ಬಂದದ್ದು. ಇಷ್ಟು ದಿನ ಅವರ ಜೊತೆ ಕೂತು ನನಗೆ ಇದು ಗೊತ್ತಾಗಿರಲಿಲ್ಲ.

ನಿಮ್ಮ ಹಲಗೆಯನ್ನು ಬಡಗಿ ಕಿತ್ತು ಮೂಲೆಗಿಟ್ಟಿದ್ದ. ಅದನ್ನು ಅವನ ಕೈಯಲ್ಲೇ ಸೀಳಿಸಿ, ಒಂದು ತುಂಡನ್ನು ಬಾಗಿಲು ಮುಚ್ಚಿಕೊಳ್ಳದಂತೆ ಅದರ ಕೆಳಗೆ ಆಪು ಕೊಟ್ಟಿದ್ದೇನೆ. ಬಾಗಿಲು ಈಗ ಅರ್ಧಕ್ಕೆ ನಿಲ್ಲುತ್ತದೆ, ಮೊದಲಿನ ಹಾಗೇ. ಹೆಂಗಸರು ಬರುತ್ತಿದ್ದಾರೆ. ಚಿನ್ನದ ಅಕ್ಷರದಲ್ಲಿ "ತೆರೆದ" ಎಂಬುದಷ್ಟೇ ಕಾಣುತ್ತದೆ, ಅದೂ ಅವರ ಬೂಟಿನ ಕೆಸರಿಗೆ ಅಳಿಸುತ್ತಿದೆ.

ವಾರ್ಷಿಕ ಕೂಟ ಚೆನ್ನಾಗಿ ನಡೆದಿರಬೇಕು. ಈ ಪತ್ರವನ್ನು ಬೇಕಾದರೆ ಓದು, ಬೇಡವಾದರೆ ಬೀರುವಿನಲ್ಲಿಡು, ನನಗೆ ಎರಡೂ ಒಂದೇ. ನನ್ನನ್ನು ನೋಡಲು ಬೇಸಿಗೆಯಲ್ಲಿ ಬರಬೇಡ. ಚಳಿಗಾಲಕ್ಕೆ ಬಾ. ಬಾಗಿಲು ಮತ್ತೆ ತೆರೆದೇ ಇರುತ್ತದೆ, ಗಾಳಿ ಒಳಗೆ ಬಂದೇ ಬರುತ್ತದೆ. ಸರದಿಗೆ ಒಬ್ಬರು ಕಡಿಮೆ ಇದ್ದಾರೆ.

ಅಕ್ಕ